ಕೈಗಾ ಕಲಿಸಿದ ಅಪ್ರಮಾದದ ಪಾಠ

ಕೊಡಗಿನಲ್ಲಿರುವ ನಮಗೆ ಕೈಗಾ ದೂರದ ಊರು. ಆದರೂ ನಮ್ಮ ಬ್ರಹ್ಮಗಿರಿ, ಪುಷ್ಪಗಿರಿಗಳನ್ನು ಹೊತ್ತಿರುವ ಅದೇ ಪಶ್ಚಿಮ ಘಟ್ಟದ ಉತ್ತರದ ಮಡಿಲಲ್ಲಿ, ಕಾಳಿ ನದಿಯ ದಡದಲ್ಲಿ, ಕರ್ನಾಟಕದ ಏಕೈಕ ಅಣುವಿದ್ಯುತ್ ಕೇಂದ್ರವಿದೆ. ಡಾ. ಶಿವರಾಮ ಕಾರಂತರು ಅದನ್ನು ವಿರೋಧಿಸಿ ಹೋರಾಡಿದ್ದನ್ನು ಹಿರಿಯ ವಾಚಕರು ಮರೆತಿರಲಾರರು. ಕೇಂದ್ರ ಬೇಕೇ ಬೇಡವೇ ಎಂಬ ಹಳೆಯ ವಾದವನ್ನು ಮತ್ತೆ ಎತ್ತುವುದು ಈ ಲೇಖನದ ಉದ್ದೇಶವಲ್ಲ. ಇಂಥ ಕೇಂದ್ರವನ್ನು ಕಟ್ಟುವವರ, ನಡೆಸುವವರ ಮನೋಧರ್ಮ ಹೇಗಿರಬೇಕೆಂಬುದಷ್ಟೇ ಇಲ್ಲಿನ ವಿಚಾರ.

1986ರ ಏಪ್ರಿಲ್ 26ರಂದು ಚೆರ್ನೋಬಿಲ್ ದುರಂತ ಸಂಭವಿಸಿತು. ಅದರ ವಿಚಾರಣೆಯ ಸಂದರ್ಭದಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಜ್ಞರು 'ಸುರಕ್ಷತಾ ಸಂಸ್ಕೃತಿ' ಎಂಬ ಮಾತನ್ನು ಬಳಕೆಗೆ ತಂದರು. 1991ರಲ್ಲಿ ಅದನ್ನೇ ಕುರಿತು ಪ್ರತ್ಯೇಕ ವರದಿಯನ್ನು ಪ್ರಕಟಿಸಿದರು. ಸುರಕ್ಷತೆಯೇ ಎಲ್ಲಕ್ಕಿಂತ ಮೊದಲೆಂಬ ಭಾವ ಸಂಸ್ಥೆಯಲ್ಲಿಯೂ ಅದರ ಪ್ರತಿಯೊಬ್ಬ ವ್ಯಕ್ತಿಯಲ್ಲಿಯೂ ನೆಲೆಸಬೇಕೆಂಬುದು ಅದರ ಸಾರ. ನಮ್ಮ ಪೂರ್ವಾಚಾರ್ಯರು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಂಡವರು. ಕೊಲ್ಲುವ ಸಂಕಲ್ಪವಿಲ್ಲದಿದ್ದರೂ ಎಚ್ಚರ ತಪ್ಪಿದ ನಡೆ ದೋಷವೇ ಎಂಬ ಅವರ ನಿಲುವು ಈ ವರದಿಯ ಪಕ್ಕದಲ್ಲಿಟ್ಟು ನೋಡತಕ್ಕದ್ದಾಗಿದೆ.

ಕೈಗಾದ ಚರಿತ್ರೆಯಲ್ಲಿ ಮೊದಲ ಪಾಠ 1994ರ ಮೇ 13ರದು. ನಿರ್ಮಾಣದಲ್ಲಿದ್ದ ಒಂದನೆಯ ಘಟಕದ ಒಳಗುಮ್ಮಟದ ಕೆಳಪದರ ಕಳಚಿ, ನೂರಕ್ಕೂ ಹೆಚ್ಚು ಟನ್ ಕಾಂಕ್ರೀಟು ಕೆಳಗುರುಳಿತು; ಹಲವು ಕಾರ್ಮಿಕರು ಗಾಯಗೊಂಡರು. ಅವಘಡವಾದಾಗ ವಿಕಿರಣವು ಹೊರಹೋಗದಂತೆ ತಡೆಯಬೇಕಾದ ಗೋಡೆ ಅದು. ಗುಮ್ಮಟದೊಳಗೆ ಬಿಗಿದ ಉಕ್ಕಿನ ಕೇಬಲ್ಲುಗಳು ಕಾಂಕ್ರೀಟನ್ನು ಒತ್ತಿ ಹಿಡಿಯುತ್ತವೆ. ಆದರೆ ಬಾಗಿದ ಮೈಯಲ್ಲಿ ಅವೇ ಕೇಬಲ್ಲುಗಳು ಪದರಗಳನ್ನು ಬೇರ್ಪಡಿಸುವಂಥ ಎಳೆತವನ್ನೂ ಉಂಟುಮಾಡುತ್ತವೆ. ಆ ಎಳೆತಕ್ಕೆ ವಿನ್ಯಾಸದಲ್ಲಿ ಸಾಕಷ್ಟು ಗಮನ ದೊರೆತಿರಲಿಲ್ಲ. ಇಂಧನವನ್ನು ಇನ್ನೂ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಭಯವಿರಲಿಲ್ಲ. ಕೆಲಸ ನಿಂತಿತು, ವಿನ್ಯಾಸವನ್ನು ಮರುಪರಿಶೀಲಿಸಿ ಗುಮ್ಮಟವನ್ನು ಮತ್ತೆ ಕಟ್ಟಲಾಯಿತು. ಮೊದಲೆರಡು ಘಟಕಗಳು ವಾಣಿಜ್ಯ ಉತ್ಪಾದನೆಗೆ ತೊಡಗಿದ್ದು 2000ದಲ್ಲಿ.

ಎರಡನೆಯ ಪಾಠ 2009ರ ನವೆಂಬರ್ ತಿಂಗಳದು. ನೌಕರರ ಮೂತ್ರಪರೀಕ್ಷೆಯಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತುವಿನ ಪ್ರಮಾಣ ಹೆಚ್ಚಿರುವುದು ಕಂಡುಬಂದಿತು. 50ಕ್ಕೂ ಹೆಚ್ಚು ಮಂದಿ ಅದಕ್ಕೆ ಒಳಗಾಗಿದ್ದರು. ಹುಡುಕುತ್ತ ಹೋದಾಗ ಕುಡಿಯುವ ನೀರಿನ ಕೂಲರಿನಲ್ಲಿ ಟ್ರಿಟಿಯಂ ಇದ್ದ ಭಾರಜಲ ಬೆರೆತಿತ್ತು. ಒಳಗಿನವರದೇ ಕಿಡಿಗೇಡಿ ಕೃತ್ಯವೆಂದು ಅಧಿಕಾರಿಗಳು ಹೇಳಿದರು. ಪೊಲೀಸರಿಗೆ ದೂರು ಹೋಯಿತು. ಇಲ್ಲಿ ಯಂತ್ರ ಕೆಟ್ಟಿರಲಿಲ್ಲ, ಗೋಡೆ ಬಿರಿದಿರಲಿಲ್ಲ. ಕೆಟ್ಟದ್ದು ಮನುಷ್ಯನ ಮನಸ್ಸು. ಅದನ್ನು ಬಯಲಿಗೆ ತಂದದ್ದೂ ದೊಡ್ಡ ಉಪಕರಣವೇನಲ್ಲ. ಸಂಶಯವಿರಲಿ ಇಲ್ಲದಿರಲಿ, ನಿಯಮದಂತೆ ತಪ್ಪದೆ ನಡೆಯುತ್ತಿದ್ದ ಒಂದು ಸಾಮಾನ್ಯ ಪರೀಕ್ಷೆ.

ನಾವು ವರ್ತಕರು ಇದನ್ನು ಲೆಕ್ಕದ ಪುಸ್ತಕದಿಂದ ಬಲ್ಲೆವು. ಸಂಜೆ ನಗದು ಎಣಿಸುವಾಗ ಹತ್ತು ರೂಪಾಯಿ ಕಡಿಮೆ ಬಂದರೆ ಗುಮಾಸ್ತನು ಅಂದೇ ಬಂದು ಹೇಳುವಂತಿರಬೇಕು. ಹೇಳಿದ್ದಕ್ಕೆ ಬೈಗುಳ ತಿಂದವನು ಮರುದಿನದಿಂದ ಮುಚ್ಚಿಡಲು ಕಲಿಯುತ್ತಾನೆ. ಆಮೇಲೆ ಹತ್ತು ಸಾವಿರವಾಗುವವರೆಗೂ ಯಜಮಾನನಿಗೆ ತಿಳಿಯದು. ಲೆಕ್ಕ ಬರೆದವನೇ ಲೆಕ್ಕಪರಿಶೋಧಕನಾಗಬಾರದೆಂಬುದೂ ವಾಣಿಜ್ಯಶಾಸ್ತ್ರದ ಮೊದಲ ಪಾಠ. 1983ರಲ್ಲಿ ಸ್ಥಾಪಿತವಾದ ಅಣುಶಕ್ತಿ ನಿಯಂತ್ರಣ ಮಂಡಳಿಯು ಅಣುಶಕ್ತಿ ಆಯೋಗಕ್ಕೆ ಉತ್ತರ ಹೇಳಬೇಕಾಗಿತ್ತು. ಆ ಆಯೋಗದ ಅಧ್ಯಕ್ಷರೇ ಕೇಂದ್ರಗಳು ಸೇರಿದ್ದ ಇಲಾಖೆಯ ಕಾರ್ಯದರ್ಶಿ. ಮಂಡಳಿಗೆ ಕಾನೂನಿನ ಸ್ವಾತಂತ್ರ್ಯವಿಲ್ಲವೆಂದು ಮಹಾಲೇಖಪಾಲರ ವರದಿಯು 2012ರಲ್ಲಿ ಎತ್ತಿ ತೋರಿಸಿತು. ಶಾಸನಬದ್ಧ ಸ್ಥಾನ ಅದಕ್ಕೆ ದೊರೆತದ್ದು 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾಯಿದೆಯಿಂದ. ಕಾಗದದ ಸ್ವಾತಂತ್ರ್ಯ ನಡೆಯಲ್ಲಿ ಕಾಣಬೇಕಾದದ್ದು ಇನ್ನು ಮುಂದೆ.

ಕೈಗಾದ ಕೀರ್ತಿಯನ್ನೂ ಹೇಳದಿದ್ದರೆ ನ್ಯಾಯವಾಗದು. ಯಾವ ಘಟಕದ ಗುಮ್ಮಟ ಕಳಚಿತ್ತೋ ಅದೇ ಒಂದನೆಯ ಘಟಕವು 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ, 962 ದಿನ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆಯನ್ನು ಸ್ಥಾಪಿಸಿತು. ಮುಂದೆ ಕೆನಡಾದ ಡಾರ್ಲಿಂಗ್ಟನ್ ಘಟಕ ಅದನ್ನು ಮೀರಿಸಿತು. ಬಿದ್ದ ಗುಮ್ಮಟದ ಸರಿಯಾಗಿ 22 ವರ್ಷಗಳ ಬಳಿಕ, ಅದೇ ತಾರೀಖಿನಂದು ಆರಂಭವಾದ ಓಟವದು. ತಪ್ಪನ್ನು ಒಪ್ಪಿ ತಿದ್ದಿಕೊಂಡವರಿಗೆ ಇದು ಸಲ್ಲತಕ್ಕ ಗೌರವ.

ಆದರೆ ನಡೆದ ದಿನಗಳನ್ನು ಮಾತ್ರ ಎಣಿಸುವ ಅಭ್ಯಾಸದಲ್ಲಿ ಒಂದು ಅಪಾಯವೂ ಇದೆ. ದಾಖಲೆಯ ಹೊಸ್ತಿಲಲ್ಲಿ ನಿಂತಿರುವಾಗ ಕಿರಿಯ ನೌಕರನೊಬ್ಬನಿಗೆ ಏನೋ ಸರಿಯಿಲ್ಲವೆನಿಸಿದರೆ, "ಸ್ವಾಮಿ, ನಿಲ್ಲಿಸೋಣ" ಎನ್ನುವ ಧೈರ್ಯ ಅವನಿಗೆ ಇರಬೇಕು. ಹಾಗೆಂದವನಿಗೂ ಹಾರ ಸಿಗಬೇಕು. ಕೈಗಾದಲ್ಲಿ ತಲಾ 700 ಮೆಗಾವಾಟಿನ ಮತ್ತೆರಡು ಘಟಕಗಳಿಗೆ 2017ರಲ್ಲೇ ಮಂಜೂರಾತಿ ದೊರೆತಿದೆ. ಅಲ್ಲಿ ಏಳುವ ಗುಮ್ಮಟಗಳು ಎಷ್ಟು ಗಟ್ಟಿಯೆಂಬುದನ್ನು ಕಾಂಕ್ರೀಟಿನೊಡನೆ ಈ ಧೈರ್ಯವೂ ನಿರ್ಧರಿಸುತ್ತದೆ. ಅಂಗಡಿಯಲ್ಲಾಗಲಿ, ತೋಟದಲ್ಲಾಗಲಿ, ನಮ್ಮ ಕೈಕೆಳಗಿನವರು ನಮ್ಮ ಮುಂದೆ ತಪ್ಪನ್ನು ನಿರ್ಭಯವಾಗಿ ಹೇಳಬಲ್ಲರೇ ಎಂದು ನಾವೂ ಒಮ್ಮೆ ಕೇಳಿಕೊಳ್ಳುವುದು ಉಚಿತ.