ಇನಾಮು ಯಾರಿಗೆ, ಹಕ್ಕು ಯಾರದು?

ಇನಾಮು ಅನ್ನೋ ಮಾತು ನಮ್ಮ ಕೇರಿಗೆ ಹೊಸದಲ್ಲ. ಅಗ್ರಹಾರಕ್ಕೆ, ಮಠಕ್ಕೆ ಊರಿಗೆ ಊರೇ ಇನಾಮು ಹೋದ ಕಾಲದಲ್ಲಿ ತೋಟಿ, ತಳವಾರ, ನೀರಗಂಟಿಗೂ ಒಂದು ತುಂಡು ಭೂಮಿ ಸಿಕ್ಕಿತ್ತು. ಎರಡಕ್ಕೂ ಹೆಸರು ಒಂದೇ. ಆದರೆ ಅವರದು ಕೂತು ಉಣ್ಣೋ ಇನಾಮು. ನಮ್ಮದು ಸತ್ತ ದನ ಹೊರುವ, ಸಾವಿನ ಸುದ್ದಿ ಮುಟ್ಟಿಸುವ ಚಾಕರಿಯ ಕೂಲಿ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆ ಚಾಕರಿಯನ್ನು ಕಾನೂನಿನ ಮಟ್ಟಿಗೆ ತೆಗೆಯಿತು. ಕೊಡುವವನ ಕೈ ಮೇಲೆ, ಈಸಿಕೊಳ್ಳುವವನ ಕೈ ಕೆಳಗೆ ಅನ್ನೋ ಲೆಕ್ಕ ಮಾತ್ರ ಉಳಿದುಕೊಂಡಿತು.

ಈಗ ಬಡತನ, ಅಸಮಾನತೆಯ ವಿರುದ್ಧ ದುಡಿಯುವ ಸಂಘಸಂಸ್ಥೆಗಳಿಗೆ ದಾನಿಗಳು ಪ್ರಶಸ್ತಿ ಕೊಡುತ್ತಾರೆ. ಇದೂ ಅದೇ ಇನಾಮು ಅಂತ ಒಂದೇ ಏಟಿಗೆ ತಳ್ಳಿಬಿಡಬಹುದು. ತಳ್ಳುವ ಮೊದಲು ಚರಿತ್ರೆ ನೋಡೋಣ.

ಬಡತನ ಮತ್ತು ಪರಿಸರದ ಕೆಲಸಕ್ಕೂ ಬಹುಮಾನ ಇಡಿ ಅಂತ ಯಾಕೊಬ್ ಫಾನ್ ಯುಕ್ಸ್‌ಕುಲ್ ಎಂಬಾತ ನೊಬೆಲ್ ಸಂಸ್ಥೆಯನ್ನು ಕೇಳಿದ. ಅವರು ಒಪ್ಪಲಿಲ್ಲ. ತಾನು ಕೂಡಿಟ್ಟಿದ್ದ ಅಂಚೆಚೀಟಿಗಳನ್ನು ಮಾರಿ 1980ರಲ್ಲಿ ತಾನೇ 'ರೈಟ್ ಲೈವ್ಲಿಹುಡ್' ಪ್ರಶಸ್ತಿ ಶುರು ಮಾಡಿದ. 1984ರಲ್ಲಿ ಅದು ಗುಜರಾತಿನ ಕೂಲಿ ಹೆಂಗಸರ ಸಂಘ 'ಸೇವಾ' ಮತ್ತು ಇಳಾ ಭಟ್ಟರಿಗೆ ಬಂತು. 1994ರಲ್ಲಿ ನಮ್ಮ ಬಿಳಿಗಿರಿರಂಗನ ಬೆಟ್ಟಕ್ಕೆ ಬಂತು. ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ ಆಸ್ಪತ್ರೆ, ಶಾಲೆ, ಕಸುಬಿನ ಕೆಲಸ ನಡೆಸಿತ್ತು. ಡಾಕ್ಟರರ ಮುಖ ಕಾಣದ ಪೋಡುಗಳಿಗೆ ಔಷಧ ಮುಟ್ಟಿತು. ಇದನ್ನು ಸಣ್ಣದು ಅನ್ನೋನು ಜ್ವರದ ಮಗುವನ್ನು ಹೊತ್ತು ಕಾಡು ದಾಟಿದವನಲ್ಲ.

ಅದೇ ವರ್ಷ ಅದೇ ಪಟ್ಟಿಯಲ್ಲಿ ನೈಜೀರಿಯಾದ ಲೇಖಕ ಕೆನ್ ಸಾರೊ-ವಿವಾ ಹೆಸರೂ ಇತ್ತು. ಒಗೋನಿ ಜನರ ನೆಲದಿಂದ ಎಣ್ಣೆ ತೆಗೆದು, ನೆಲ ನೀರು ಕೆಡಿಸಿ, ಜನರಿಗೆ ಏನೂ ಕೊಡದ ಷೆಲ್ ಕಂಪನಿಯನ್ನೂ ಮಿಲಿಟರಿ ಸರ್ಕಾರವನ್ನೂ ಆತ ಲೆಕ್ಕ ಕೇಳಿದ್ದ. ಪ್ರಶಸ್ತಿ ಬಂದಾಗ ಆತ ಜೈಲಿನಲ್ಲಿದ್ದ. 1995ರ ನವೆಂಬರ್ 10ರಂದು ಎಂಟು ಮಂದಿ ಸಂಗಾತಿಗಳ ಜತೆ ಅವನನ್ನು ನೇಣಿಗೆ ಹಾಕಿದರು. ಪ್ರಶಸ್ತಿಯಿಂದ ಹಗ್ಗ ತಡೆಯೋಕೆ ಆಗಲಿಲ್ಲ.

ಒಂದೇ ಪಟ್ಟಿಯ ಈ ಎರಡು ಹೆಸರು ನಮಗೆ ಪಾಠ. ರೋಗದ ಜತೆ ಹೋರಾಡುವವರನ್ನು ಕಂಡರೆ ಆಳುವವರಿಗೆ ಸಮಾಧಾನ. ನೆಲದ ಲೆಕ್ಕ ಕೇಳುವವರನ್ನು ಕಂಡರೆ ಭಯ.

ಹಾಗಂತ ಬೆಟ್ಟದ ಕತೆ ಔಷಧಕ್ಕೇ ನಿಲ್ಲಲಿಲ್ಲ. ಸೋಲಿಗರು ತಮ್ಮದೇ ಸಂಘ ಕಟ್ಟಿಕೊಂಡರು. ತಮ್ಮ ದೇವರ ತಾವು, ಹಳೇ ಪೋಡುಗಳ ಗುರುತನ್ನು ನಕ್ಷೆ ಮೇಲೆ ತಾವೇ ಹಾಕಿದರು. ಸರ್ಕಾರ 2011ರ ಜನವರಿಯಲ್ಲಿ ಆ ಕಾಡನ್ನು ಹುಲಿ ಮೀಸಲು ಅಂತ ಸಾರಿತು. ಅದೇ ವರ್ಷ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಮೀಸಲಿನೊಳಗೆ ಇಂಥ ಹಕ್ಕು ದೇಶದಲ್ಲೇ ಮೊದಲು. ಅದಕ್ಕೆ ಯಾವ ಪದಕವೂ ಬೇಕಾಗಲಿಲ್ಲ.

ಈಗ ಅಂತರಸಂತೆ ಕಡೆ ಬನ್ನಿ. ಎಚ್.ಡಿ. ಕೋಟೆಯಿಂದ ಮಾನಂದವಾಡಿಗೆ ಹೋಗೋ ರಸ್ತೆಯಲ್ಲಿ ಕಾಡು ಶುರುವಾಗೋ ಊರು ಇದು. ಮುಂದೆ ಕಾಕನಕೋಟೆ. ಮಹಾರಾಜರು ತಮ್ಮ ಅತಿಥಿಗಳಿಗೆ ಖೆಡ್ಡಾ ತೋರಿಸಿದ ಕಾಡು. ಅಲ್ಲಿ ಆನೆ ಅಟ್ಟಿದವರು, ಪಳಗಿಸಿದವರು ಕುರುಬರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ 1972ರ ವನ್ಯಜೀವಿ ಕಾಯ್ದೆ, 1974ರಲ್ಲಿ ಕಬಿನಿ ಅಣೆಕಟ್ಟು, 1988ರಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಯೋಜನೆ. ಒಂದೊಂದು ಸಲವೂ ಜೇನುಕುರುಬ, ಬೆಟ್ಟಕುರುಬ, ಯರವರ ಹಾಡಿಗಳು ಕಾಡಿನಂಚಿಗೆ, ಕೊಡಗಿನ ಕಾಫಿ ತೋಟಗಳ ಲೈನುಮನೆಗೆ ಸರಿದವು.

ಇದೇ ನಾಗರಹೊಳೆಯ ಮೂರ್ಕಲ್ಲಿನಲ್ಲಿ ತಾಜ್ ಗುಂಪಿನ ಹೋಟೆಲ್ ಏಳುತ್ತಿತ್ತು. ಒಲೆಗೆ ಸೌದೆ ಆಯ್ದರೆ ಕೇಸು ಹಾಕುವ ಕಾಡಿನಲ್ಲಿ ಸಾಹುಕಾರರಿಗೆ ಮಲಗೋ ಕೋಣೆ! ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಬೀದಿಗಿಳಿಯಿತು, ಕೋರ್ಟಿಗೂ ಹೋಯಿತು. ಕೇಂದ್ರದ ಅನುಮತಿ ಇಲ್ಲದೆ ಕಾಡು ಗುತ್ತಿಗೆ ಕೊಟ್ಟದ್ದು ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧ ಅಂತ 1997ರಲ್ಲಿ ಹೈಕೋರ್ಟ್ ಹೇಳಿತು. ಹೋಟೆಲ್ ನಿಂತಿತು. 1998ರಲ್ಲಿ ಅದೇ ಸಮಿತಿ ವಿಶ್ವಬ್ಯಾಂಕಿನ ಪರಿಸರ ಯೋಜನೆಯ ವಿರುದ್ಧ ಬ್ಯಾಂಕಿನ ಪರಿಶೀಲನಾ ಮಂಡಳಿಗೇ ದೂರು ಕೊಟ್ಟಿತು. ತನಿಖೆ ಆಗಲಿ ಅಂದಿತು ಮಂಡಳಿ. ಬೇಡ ಅಂದರು ಬ್ಯಾಂಕಿನ ನಿರ್ದೇಶಕರು.

ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ಪುನರ್ವಸತಿ ಸಿಗಬೇಕಾದ ಕುಟುಂಬಗಳು 3,418 ಅಂತ ಅದು ಲೆಕ್ಕ ಹಾಕಿತು. 2025ರ ಮೇ ತಿಂಗಳಲ್ಲಿ 52 ಜೇನುಕುರುಬ ಕುಟುಂಬಗಳು ಕೊಡಗಿನ ಕಡೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ, ತಮ್ಮ ಹಿರೀಕರ ಜಾಗಕ್ಕೆ, ವಾಪಸು ನಡೆದವು. ಯಾಕೆ ಅನ್ನೋದನ್ನ ಬಿಡಿಸಿ ಹೇಳಬೇಕೆ?

ಹೋರಾಟಕ್ಕೆ ಪ್ರಶಸ್ತಿ ಬರೋದೇ ಇಲ್ಲ ಅಂತಲ್ಲ. ಕೆ.ಜಿ.ಎಫ್‌ನಲ್ಲಿ ಮಲ ಬಳಿಯುವ ಮನೆತನದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್‌ಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1957ರಲ್ಲಿ ಆ ಪ್ರಶಸ್ತಿಗೆ ದುಡ್ಡು ಇಟ್ಟದ್ದು ರಾಕ್‌ಫೆಲರ್ ಅಣ್ಣತಮ್ಮಂದಿರು. ಅದು ಅಮೆರಿಕದ ಎಣ್ಣೆಯಿಂದ ಬಂದ ಸಂಪತ್ತು. ಆದರೆ ವಿಲ್ಸನ್ ಪ್ರಶಸ್ತಿಗೆ ಕಾಯಲಿಲ್ಲ. ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮ್ಯಾನ್‌ಹೋಲಿನಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ 2014ರಲ್ಲಿ ತೀರ್ಪು ಬಂತು. ಪ್ರಶಸ್ತಿ ಅದರ ಬೆನ್ನ ಹಿಂದೆ ಬಂತು.

ಆದ್ದರಿಂದ ಗೆಳೆಯರೇ, ಪ್ರಶಸ್ತಿಯನ್ನು ಉಗಿಯೋದೂ ಬೇಡ, ಕಣ್ಣಿಗೆ ಒತ್ತಿಕೊಳ್ಳೋದೂ ಬೇಡ. ಅದರ ದುಡ್ಡಿನಿಂದ ಆಸ್ಪತ್ರೆ ನಡೆದರೆ ನಡೆಯಲಿ. ಆದರೆ ಪ್ರಶಸ್ತಿ ಕೊಡುವವರ ಕಣ್ಣಿಗೆ ಬೀಳೋದು ನೋಂದಣಿ ಇರುವ, ಇಂಗ್ಲಿಷಿನಲ್ಲಿ ವರದಿ ಬರೆಯಬಲ್ಲ ಸಂಸ್ಥೆ. ಹಾಡಿಯ ಹೋರಾಟಕ್ಕೆ ಕಾಗದವೇ ಇರೋಲ್ಲ. 1974ರಿಂದ ಊರೂರಲ್ಲಿ ಭೂಮಿಗಾಗಿ, ಮಾನಕ್ಕಾಗಿ ಎದ್ದ ದಲಿತ ಸಂಘರ್ಷ ಸಮಿತಿಯ ಎಷ್ಟು ಕರಪತ್ರ, ಎಷ್ಟು ಅರ್ಜಿ ಇವತ್ತು ನಮ್ಮ ಕೈಲಿವೆ?

ಮೇಷ್ಟ್ರುಗಳು, ವಿದ್ಯಾರ್ಥಿಗಳು ಮಾಡಬೇಕಾದ ಕೆಲಸ ಇಲ್ಲಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮದ ಪ್ರಕಾರ ಹಿರಿಯರು ಹೇಳಿದ್ದನ್ನು ಬರೆದಿಟ್ಟರೆ ಅದೂ ಪುರಾವೆ. ಯಾವ ಹಾಡಿ ಎಲ್ಲಿತ್ತು, ಗೋರಿ ಎಲ್ಲಿ, ದೇವರ ಕಲ್ಲು ಎಲ್ಲಿ, ಯಾವ ಹಳ್ಳದ ನೀರು ಕುಡಿದರು, ಯಾವ ವರ್ಷ ಎಬ್ಬಿಸಿದರು ಅಂತ ಅಜ್ಜ ಅಜ್ಜಿಯರನ್ನು ಕೇಳಿ ಬರೆಯಿರಿ. ಹೆಬ್ಬೆಟ್ಟು ಒತ್ತಿಸಿ. ಗ್ರಾಮಸಭೆಯ ಮುಂದೆ ಓದಿ. ಆ ಹಾಳೆ ಸ್ಟಾಕ್‌ಹೋಮಿಗೆ ಮುಟ್ಟಬೇಕಾಗಿಲ್ಲ; ಹುಣಸೂರಿನ ಕಚೇರಿಗೆ ಮುಟ್ಟಿದರೆ ಸಾಕು.