ಫೋನಿನೊಡನೆ ಬರುವ ಬೇಡದ ಆ್ಯಪ್‌ಗಳು

ಕೊಂಡವರು ಕೇಳದಿದ್ದರೂ ಹೊಸ ಸ್ಮಾರ್ಟ್‌ಫೋನಿನಲ್ಲಿ ಮೊದಲೇ ತುಂಬಿ ಬಂದಿರುವ ಆ್ಯಪ್‌ಗಳಿಗೆ ಬ್ಲೋಟ್‌ವೇರ್ ಎನ್ನುತ್ತಾರೆ. ಕರೆ, ಸಂದೇಶ, ಕ್ಯಾಮೆರಾ, ಗಡಿಯಾರ ಈ ಲೆಕ್ಕಕ್ಕೆ ಬರುವುದಿಲ್ಲ. ಅವಿಲ್ಲದೆ ಫೋನಿನ ಕೆಲಸ ನಡೆಯದು. ಲೆಕ್ಕಕ್ಕೆ ಬರುವುದು ಎರಡನೆಯ ಆ್ಯಪ್ ಅಂಗಡಿ, ಮೂರನೆಯ ಬ್ರೌಸರ್, ಯಾರೂ ಆಡದ ಆಟಗಳು, ಸಾಲ ಕೊಡುತ್ತೇವೆಂದು ಕರೆಯುವ ಹಣಕಾಸು ಆ್ಯಪ್, ಬೀಗ ಹಾಕಿದ ಪರದೆಯ ಮೇಲೂ ಸುದ್ದಿ, ಜಾಹೀರಾತು ತೋರಿಸುವ ಸೇವೆ. ಇವುಗಳಲ್ಲಿ ಕೆಲವನ್ನು ತೆಗೆಯಬಹುದು. ಕೆಲವನ್ನು ಮಲಗಿಸಬಹುದು ಅಷ್ಟೆ. ಇನ್ನು ಕೆಲವಕ್ಕೆ ಅದೂ ಇಲ್ಲ.

ತುಟ್ಟಿ ಫೋನಿನಲ್ಲಿ ಇದು ಕಿರಿಕಿರಿ, ಅಗ್ಗದ ಫೋನಿನಲ್ಲಿ ನಷ್ಟ. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಂಥ ಕಡೆ ಅನೇಕ ಮನೆಗಳಿಗೆ ಇರುವ ಒಂದೇ ಕಂಪ್ಯೂಟರ್ ಎಂದರೆ ಕೈಯಲ್ಲಿರುವ ಫೋನು. ತೊಗರಿ, ಸೋಯಾ, ಉದ್ದು ಬೆಳೆಯುವ ರೈತರು ತಮ್ಮ ಹೊಲದ ಬೆಳೆಯನ್ನು ತಾವೇ ಫೋಟೊ ತೆಗೆದು ಬೆಳೆ ಸಮೀಕ್ಷೆ ಆ್ಯಪಿಗೆ ಏರಿಸುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರ 2020ರಲ್ಲಿ ತಂದಿತು. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಬೆಳೆಹಾನಿ ಪರಿಹಾರ ಎಲ್ಲಕ್ಕೂ ಆ ದಾಖಲೆ ಬೇಕು. ಅಂಗನವಾಡಿ ಕಾರ್ಯಕರ್ತೆಯರಿಗೆ 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್ ಇದೆ. ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಲಾರಿ ಓಡಿಸುವವರಿಗೆ ದಾರಿ, ಫಾಸ್ಟ್ಯಾಗ್, ಹಣ ಪಾವತಿ ಎಲ್ಲವೂ ಫೋನಿನಲ್ಲೇ ಆಗಬೇಕು.

ಇಂಥ ಫೋನಿನಲ್ಲಿ ಒಂದು ದಿನ ‘ಜಾಗ ಸಾಲದು’ ಎಂಬ ಸೂಚನೆ ಬರುತ್ತದೆ. ಮೊಬೈಲ್ ಅಂಗಡಿಯ ಮುಂದೆ ಕೇಳಿಬರುವ ದೂರು ಇದೇ: ‘ಮೆಮೊರಿ ಫುಲ್ ಆಗ್ಯಾದ್ರಿ, ತೆಗಿಲಿಕ್ಕ ಹೋದ್ರ ಹೋಗವಲ್ದು.’ ಆಗ ಜನ ಅಳಿಸುವುದು ಅಳಿಸಲು ಬರುವುದನ್ನು: ಮದುವೆಯ ಫೋಟೊ, ಮೊಮ್ಮಕ್ಕಳ ವಿಡಿಯೊ, ವಾಟ್ಸ್‌ಆ್ಯಪಿನಲ್ಲಿ ಬಂದ ಪಹಣಿಯ ಪ್ರತಿ. ಕಂಪನಿ ತುಂಬಿದ ಆಟ ಅಲ್ಲೇ ಉಳಿಯುತ್ತದೆ, ಮನೆಯವರ ಚಿತ್ರ ಹೋಗುತ್ತದೆ. ಬ್ಲೋಟ್‌ವೇರಿನ ನಿಜವಾದ ಅನ್ಯಾಯ ಇರುವುದು ಇಲ್ಲಿ. ಹಣ ಕೊಟ್ಟು ಕೊಂಡ ವಸ್ತುವಿನೊಳಗೆ ಏನಿರಬೇಕು, ಏನಿರಬಾರದು ಎಂದು ಹೇಳುವ ಅಧಿಕಾರ ಕೊಂಡವರ ಕೈಯಲ್ಲಿಲ್ಲ.

ತೆಗೆಯಲು ಬಾರದಿರುವುದಕ್ಕೆ ಕಾರಣ ಆಂಡ್ರಾಯ್ಡ್ ಫೋನಿನ ಒಳರಚನೆ. ಅದರ ಸಂಗ್ರಹದಲ್ಲಿ ಮುಖ್ಯವಾಗಿ ಎರಡು ಭಾಗ: ಒಂದು ವ್ಯವಸ್ಥೆಯದು, ಇನ್ನೊಂದು ಬಳಕೆದಾರರದು. ಪ್ಲೇ ಸ್ಟೋರಿನಿಂದ ಹಾಕಿಕೊಂಡ ಆ್ಯಪ್ ಬಳಕೆದಾರರ ಭಾಗಕ್ಕೆ ಹೋಗುತ್ತದೆ, ಬೇಡವೆನಿಸಿದಾಗ ಪೂರ್ತಿ ಹೋಗುತ್ತದೆ. ಕಾರ್ಖಾನೆಯಲ್ಲಿ ತುಂಬಿದ್ದು ಸಾಮಾನ್ಯವಾಗಿ ವ್ಯವಸ್ಥೆಯ ಭಾಗದಲ್ಲಿರುತ್ತದೆ. ಮನೆ ಕಟ್ಟುವಾಗಲೇ ಗೋಡೆಯೊಳಗೆ ಕೂಡಿಸಿದ ಗೂಡಿನ ಹಾಗೆ ಅದನ್ನು ಕಿತ್ತು ಹೊರಗಿಡಲು ಬರುವುದಿಲ್ಲ. ಆ ಭಾಗವನ್ನು ಓದಬಹುದು, ತಿದ್ದುವಂತಿಲ್ಲ. ಕಳ್ಳ ತಂತ್ರಾಂಶ ಒಳಹೊಕ್ಕು ವ್ಯವಸ್ಥೆಯನ್ನೇ ಕೆಡಿಸದಿರಲಿ ಎಂದು ಮಾಡಿದ ಈ ರಕ್ಷಣೆ ಜಾಹೀರಾತಿನ ಆ್ಯಪಿಗೂ ಸಿಕ್ಕಿಬಿಟ್ಟಿದೆ. ಇನ್ನೂ ಒಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಇಂಥ ಆ್ಯಪ್ ಅಪ್‌ಡೇಟ್ ಆದಾಗ ಹೊಸ ಪ್ರತಿ ಬಳಕೆದಾರರ ಭಾಗಕ್ಕೆ ಬಂದು ಕೂರುತ್ತದೆ, ಹಳೆಯದು ವ್ಯವಸ್ಥೆಯ ಭಾಗದಲ್ಲಿ ಹಾಗೇ ಇರುತ್ತದೆ. ಒಂದೇ ಆ್ಯಪ್ ಎರಡು ಕಡೆ ಜಾಗ ತಿನ್ನುತ್ತದೆ. ಪೆಟ್ಟಿಗೆಯ ಮೇಲೆ 32 ಅಥವಾ 64 ಜಿಬಿ ಎಂದು ಅಚ್ಚಾಗಿದ್ದರೂ ಕೈಗೆ ಸಿಗುವುದು ಅದಕ್ಕಿಂತ ಬಹಳ ಕಡಿಮೆ.

ಕಂಪನಿಗಳು ಹೀಗೆ ಮಾಡುವುದು ಹಣಕ್ಕಾಗಿ. ಅಗ್ಗದ ಫೋನಿನ ಮಾರಾಟದಲ್ಲಿ ಲಾಭ ತೆಳು. 2018ರ ಏಪ್ರಿಲ್‌ನಲ್ಲಿ ಶಿಯೋಮಿ, ತಾನು ಮಾರುವ ಯಂತ್ರಗಳ ಮೇಲಿನ ಒಟ್ಟಾರೆ ನಿವ್ವಳ ಲಾಭವನ್ನು ಶೇ 5ಕ್ಕಿಂತ ಮೇಲೆ ಹೋಗಗೊಡುವುದಿಲ್ಲ ಎಂದು ಬಹಿರಂಗವಾಗಿಯೇ ಘೋಷಿಸಿತು. ಉಳಿದ ಗಳಿಕೆ ಫೋನು ಮಾರಿದ ಮೇಲೆ, ಜಾಹೀರಾತಿನಿಂದ ಮತ್ತು ಅಂತರ್ಜಾಲ ಸೇವೆಗಳಿಂದ ಬರಬೇಕು. ಬೇರೆ ಕಂಪನಿಗಳ ಆ್ಯಪ್ ತುಂಬಿಕೊಟ್ಟರೆ ಅದಕ್ಕೂ ದುಡ್ಡು ಸಿಗುತ್ತದೆ. ಗಿರಾಕಿ ಕೌಂಟರಿನಲ್ಲಿ ಉಳಿಸಿದ ಹಣವನ್ನು ಆಮೇಲೆ ಜಾಗ, ಡೇಟಾ, ಬ್ಯಾಟರಿ, ಗಮನಗಳ ರೂಪದಲ್ಲಿ ಕಂತುಕಂತಾಗಿ ಕಟ್ಟುತ್ತಾ ಹೋಗುತ್ತಾನೆ. ಈ ಎರಡನೆಯ ಬೆಲೆ ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದಿಲ್ಲ.

ಫೋನು ಚಾಲೂ ಮಾಡುವ ಮೊದಲ ಕೆಲವು ನಿಮಿಷಗಳನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಭಾಷೆ ಕೇಳುತ್ತದೆ, ವೈಫೈ ಕೇಳುತ್ತದೆ, ಒಪ್ಪಿಗೆಯ ಉದ್ದನೆಯ ಪುಟಗಳು ಬರುತ್ತವೆ. ಅನೇಕ ಫೋನುಗಳಲ್ಲಿ ಕೊನೆಗೆ ‘ಶಿಫಾರಸು ಮಾಡಿದ ಆ್ಯಪ್‌ಗಳು’ ಎಂಬ ಪಟ್ಟಿ. ಪ್ರತಿಯೊಂದರ ಮುಂದೆ ಮೊದಲೇ ಟಿಕ್ ಹಾಕಿರುತ್ತದೆ. ಬೇಡವೆನ್ನುವವರು ಒಂದೊಂದನ್ನೇ ತೆಗೆಯಬೇಕು, ಬೇಕೆನ್ನುವುದಕ್ಕೆ ಒಂದೇ ಗುಂಡಿ. ಹಳ್ಳಿಯಿಂದ ಪೇಟೆಗೆ ಬಂದ ಗಿರಾಕಿಗೆ ಈ ಪುಟಗಳನ್ನೆಲ್ಲ ದಾಟಿಸಿ ಕೊಡುವುದು ಸಾಮಾನ್ಯವಾಗಿ ಅಂಗಡಿಯ ಹುಡುಗ. ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು ಒಂದೇ ಬೀದಿಯಲ್ಲಿ ಕೇಳಿಸುವ ಬೀದರಿನ ಈ ಗಡಿ ಸೀಮೆಯಲ್ಲಿ ಫೋನು ಬಹಳ ಸಲ ಇಂಗ್ಲಿಷಿನಲ್ಲೇ ಚಾಲೂ ಆಗುತ್ತದೆ. ಒಪ್ಪಿಗೆ ಕೊಟ್ಟವರು ಒಬ್ಬರು, ಅದರ ಫಲ ಉಣ್ಣುವವರು ಇನ್ನೊಬ್ಬರು.

ಲಾಕ್ ಸ್ಕ್ರೀನಿನ ಮೇಲೆ ಬರುವ ಚಿತ್ರ, ಸುದ್ದಿ, ಆಟಗಳ ಕತೆ ಕರ್ನಾಟಕದ್ದೇ. ಅದನ್ನು ನಡೆಸುವ ಗ್ಲ್ಯಾನ್ಸ್ ಬೆಂಗಳೂರಿನ ಇನ್‌ಮೊಬಿ ಸಮೂಹದ ಕಂಪನಿ. ಶಿಯೋಮಿ, ಸ್ಯಾಮ್‌ಸಂಗ್, ವಿವೊ ಮುಂತಾದವರ ಫೋನುಗಳಲ್ಲಿ ಮೊದಲೇ ಸೇರಿ ಬಂದಿದೆ. 2020ರಲ್ಲಿ ಗೂಗಲ್ ಇದರಲ್ಲಿ ಹಣ ಹೂಡಿತು, 2022ರ ಫೆಬ್ರವರಿಯಲ್ಲಿ ಜಿಯೊ ಪ್ಲಾಟ್‌ಫಾರ್ಮ್ಸ್ 20 ಕೋಟಿ ಡಾಲರ್ ಹೂಡಿಕೆ ಘೋಷಿಸಿತು. ಬೀಗ ತೆಗೆಯುವ ಮುಂಚಿನ ಪರದೆಗೆ ಇಷ್ಟು ಬೆಲೆ ಬಂದಿರುವುದು, ಮನುಷ್ಯರು ದಿನಕ್ಕೆ ಎಷ್ಟೋ ಬಾರಿ ಅದನ್ನು ನೋಡುತ್ತಾರೆ ಎಂಬ ಒಂದೇ ಕಾರಣಕ್ಕೆ. ಸೆಟ್ಟಿಂಗ್‌ಗಳಲ್ಲಿ ಲಾಕ್ ಸ್ಕ್ರೀನ್ ವಿಭಾಗಕ್ಕೆ ಹೋಗಿ ಇದನ್ನು ನಿಲ್ಲಿಸಬಹುದು. ಆದರೆ ನಿಲ್ಲಿಸಬಹುದೆಂದು ಗೊತ್ತಿದ್ದವರಿಗೆ ಮಾತ್ರ ಆ ದಾರಿ.

ಮೊದಲೇ ತುಂಬಿದ ಆ್ಯಪಿನ ಮೇಲೆ ಸರ್ಕಾರದ ಕಣ್ಣು ಬಿದ್ದದ್ದು ಬೇರೆಯೇ ಸಂದರ್ಭದಲ್ಲಿ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಚೀನೀ ಆ್ಯಪ್‌ಗಳಲ್ಲಿ ಯುಸಿ ಬ್ರೌಸರ್, ಕ್ಲೀನ್ ಮಾಸ್ಟರ್, ಮಿ ಕಮ್ಯುನಿಟಿ ಇದ್ದವು. ಆ ವರ್ಷವೇ ಮುಂದೆ ಶಿಯೋಮಿಯ ಮಿ ಬ್ರೌಸರಿಗೂ ತಡೆ ಬಿತ್ತು. ಇವುಗಳಲ್ಲಿ ಕೆಲವು ಲಕ್ಷಾಂತರ ಫೋನುಗಳೊಳಗೆ ಕಾರ್ಖಾನೆಯಿಂದಲೇ ಬಂದಿದ್ದವು. ನಿಷಿದ್ಧ ಆ್ಯಪ್‌ಗಳಿಲ್ಲದ ಹೊಸ ತಂತ್ರಾಂಶ ಕಳಿಸುವುದಾಗಿ ಶಿಯೋಮಿ ಹೇಳಬೇಕಾಯಿತು. ತೆಗೆಯಲು ಬಾರದು ಎನ್ನುತ್ತಿದ್ದ ಆ್ಯಪ್ ಸರ್ಕಾರ ಹೇಳಿದಾಗ ಹೋಗುತ್ತದೆ ಎಂದರೆ, ಕಂಪನಿಯ ಮಟ್ಟಿಗೆ ಅಡ್ಡಿ ಯಂತ್ರದ್ದಲ್ಲ, ಮನಸ್ಸಿನದು.

ಸುರಕ್ಷತೆಯ ಪ್ರಶ್ನೆ ಇದಕ್ಕಿಂತ ಆಳ. ಮೊದಲೇ ತುಂಬಿದ ಆ್ಯಪಿಗೆ ಕೆಲವು ಅನುಮತಿಗಳು ಬಳಕೆದಾರರನ್ನು ಕೇಳದೆಯೇ ಸಿಕ್ಕಿರಬಹುದು. 2016ರ ನವೆಂಬರ್‌ನಲ್ಲಿ ಕ್ರಿಪ್ಟೊವೈರ್ ಎಂಬ ಸಂಸ್ಥೆ, ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಬ್ಲೂ ಕಂಪನಿಯ ಅಗ್ಗದ ಫೋನುಗಳಲ್ಲಿನ ಆಡಪ್ಸ್ ತಂತ್ರಾಂಶ ಬಳಕೆದಾರರ ಸಂದೇಶಗಳನ್ನು 72 ಗಂಟೆಗೊಮ್ಮೆ ಚೀನಾದ ಸರ್ವರಿಗೆ ಕಳಿಸುತ್ತಿದ್ದುದನ್ನು ಹೊರಹಾಕಿತು. ಟ್ರಯಾಡಾ ಎಂಬ ಕೇಡಿನ ತಂತ್ರಾಂಶ ಕೆಲವು ಅಗ್ಗದ ಫೋನುಗಳ ತಯಾರಿಕೆಯ ಹಂತದಲ್ಲೇ ಒಳಸೇರಿತ್ತು ಎಂದು 2019ರಲ್ಲಿ ಗೂಗಲ್ಲೇ ಒಪ್ಪಿಕೊಂಡಿತು. ಅದೇ ವರ್ಷ ಸ್ಪೇನಿನ ಸಂಶೋಧಕರ ನೇತೃತ್ವದ ತಂಡವೊಂದು 214 ತಯಾರಕರ 1,700ಕ್ಕೂ ಹೆಚ್ಚು ಸಾಧನಗಳಿಂದ 82,000ಕ್ಕೂ ಮೀರಿದ ಮೊದಲೇ ತುಂಬಿದ ಆ್ಯಪ್‌ಗಳನ್ನು ಪರಿಶೀಲಿಸಿ, ಈ ಪೂರೈಕೆಯ ಸರಪಣಿಯಲ್ಲಿ ಯಾರು ಏನು ಸೇರಿಸಿದರು ಎಂಬುದಕ್ಕೆ ಪಾರದರ್ಶಕತೆಯೇ ಇಲ್ಲ ಎಂದು ಹೇಳಿತು.

ಭಾರತದ ಸ್ಮಾರ್ಟ್‌ಫೋನುಗಳಲ್ಲಿ ಶೇ 90ಕ್ಕೂ ಹೆಚ್ಚು ಗೂಗಲ್ಲಿನ ಆಂಡ್ರಾಯ್ಡ್ ಮೇಲೆ ನಡೆಯುತ್ತವೆ. ಆದ್ದರಿಂದ ದೊಡ್ಡ ವ್ಯಾಜ್ಯ ನಡೆದದ್ದು ಗೂಗಲ್ ಮೇಲೆ. ಪ್ಲೇ ಸ್ಟೋರ್ ಬೇಕೆಂದರೆ ಸರ್ಚ್, ಕ್ರೋಮ್, ಯೂಟ್ಯೂಬ್ ಸೇರಿದ ಇಡೀ ಕಟ್ಟನ್ನೇ ಒಪ್ಪಿಕೊಳ್ಳಬೇಕು ಎಂದು ಫೋನು ತಯಾರಕರಿಗೆ ಷರತ್ತು ಹಾಕಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು ₹1,337.76 ಕೋಟಿ ದಂಡ ವಿಧಿಸಿತು. ಈ ಆ್ಯಪ್‌ಗಳನ್ನು ತೆಗೆಯದಂತೆ ಬಳಕೆದಾರರನ್ನು ತಡೆಯಬಾರದು ಎಂಬುದೂ ಆದೇಶದಲ್ಲಿತ್ತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಡಲು ಒಪ್ಪಲಿಲ್ಲ; ಬಿಡಿಬಿಡಿ ಆ್ಯಪ್‌ಗಳಿಗೆ ಪರವಾನಗಿ ಪಡೆಯುವ ಅವಕಾಶವನ್ನು ಭಾರತದ ತಯಾರಕರಿಗೆ ಕೊಡುವುದಾಗಿ ಗೂಗಲ್ ಕೆಲವೇ ದಿನಗಳಲ್ಲಿ ಪ್ರಕಟಿಸಿತು. ಆದರೆ ಮಾರ್ಚ್ 29ರಂದು ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ನಾಲ್ಕು ನಿರ್ದೇಶನಗಳನ್ನು ರದ್ದು ಮಾಡಿತು. ಸಾಮಾನ್ಯ ಬಳಕೆದಾರರಿಗೆ ನೇರವಾಗಿ ಮುಟ್ಟಬಹುದಾಗಿದ್ದ, ತೆಗೆಯುವ ಹಕ್ಕಿನ ನಿರ್ದೇಶನ ಆ ನಾಲ್ಕರಲ್ಲಿ ಒಂದು. ಹುಮನಾಬಾದಿನ ಗಿರಾಕಿಯ ಕಡೆಯಿಂದ ನೋಡಿದರೆ, ಗೆದ್ದ ವ್ಯಾಜ್ಯದಲ್ಲಿ ಬೇಕಾಗಿದ್ದುದೇ ಕೈತಪ್ಪಿತು.

ಕೇಳದೆ ಏನನ್ನೂ ಹೇರಬಾರದು ಎಂಬ ಒಪ್ಪಿಗೆಯ ತತ್ವ ನಮ್ಮ ದೂರಸಂಪರ್ಕ ವಲಯಕ್ಕೆ ಹೊಸದೇನಲ್ಲ. ಕೀಪ್ಯಾಡ್ ಫೋನಿನ ಕಾಲದಲ್ಲಿ ಕೇಳದ ಕಾಲರ್ ಟ್ಯೂನು, ಜ್ಯೋತಿಷ್ಯ, ಕ್ರಿಕೆಟ್ ಸುದ್ದಿಗೆಂದು ಬ್ಯಾಲೆನ್ಸ್ ಕಡಿತವಾಗುತ್ತಿದ್ದಾಗ, ಗ್ರಾಹಕರಿಂದ ಎರಡು ಬಾರಿ ಒಪ್ಪಿಗೆ ಪಡೆಯದೆ ಇಂಥ ಸೇವೆ ಶುರು ಮಾಡಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2013ರಲ್ಲಿ ಆಜ್ಞೆ ಮಾಡಿತು. ಆ್ಯಪ್‌ಗಳ ವಿಷಯದಲ್ಲಿ ಅಂಥದೊಂದು ಆಜ್ಞೆ ಇನ್ನೂ ಬಂದಿಲ್ಲ.

ಬೇರೆ ದೇಶಗಳು ಮುಂದೆ ಹೋಗಿವೆ. ದಕ್ಷಿಣ ಕೊರಿಯಾ 2014ರಲ್ಲೇ, ಅಗತ್ಯವಲ್ಲದ ಮೊದಲೇ ತುಂಬಿದ ಆ್ಯಪ್‌ಗಳನ್ನು ತೆಗೆಯಲು ಬರುವಂತಿರಬೇಕು ಎಂದು ಮಾರ್ಗಸೂಚಿ ತಂದಿತು. ಯುರೋಪಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆ 2024ರ ಮಾರ್ಚ್ 7ರಿಂದ ದೊಡ್ಡ ಕಂಪನಿಗಳ ಮೇಲೆ ಅದೇ ಹೊಣೆ ಹೊರಿಸಿದೆ. ರಷ್ಯಾ ಹಿಡಿದದ್ದು ಇದಕ್ಕೆ ತಿರುಗುಮುರುಗಾದ ದಾರಿ. 2021ರ ಏಪ್ರಿಲ್‌ನಿಂದ ಅಲ್ಲಿ ಸ್ವದೇಶಿ ಆ್ಯಪ್‌ಗಳನ್ನು ಮೊದಲೇ ತುಂಬುವುದು ಕಡ್ಡಾಯ.

ಭಾರತವೂ ಕೆಲವು ದಿನ ಆ ಎರಡನೆಯ ದಾರಿಗೆ ಕಾಲಿಟ್ಟಿತ್ತು. ದೂರಸಂಪರ್ಕ ಇಲಾಖೆ 2025ರ ನವೆಂಬರ್ 28ರ ನಿರ್ದೇಶನದಲ್ಲಿ, ಸಂಚಾರ್ ಸಾಥಿ ಆ್ಯಪನ್ನು 90 ದಿನಗಳೊಳಗೆ ಎಲ್ಲ ಹೊಸ ಫೋನುಗಳಲ್ಲಿ ತುಂಬಬೇಕು, ಅದರ ಕೆಲಸವನ್ನು ನಿರ್ಬಂಧಿಸಬಾರದು ಎಂದಿತು. ಕಳೆದ ಫೋನನ್ನು ತಡೆಹಿಡಿಯಲು, ತಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಲು, ವಂಚನೆಯ ಕರೆಯ ಬಗ್ಗೆ ದೂರು ಕೊಡಲು ಅದು ನಿಜಕ್ಕೂ ಉಪಯೋಗದ ಆ್ಯಪ್. ಆದರೂ ಆಕ್ಷೇಪ ಜೋರಾಯಿತು, ಡಿಸೆಂಬರ್ 3ರಂದು ಕಡ್ಡಾಯದ ಮಾತು ಹಿಂದಕ್ಕೆ ಹೋಯಿತು. ಉಪಯೋಗದ್ದೇ ಆಗಿದ್ದರೆ ಜನ ತಾವಾಗಿಯೇ ಹಾಕಿಕೊಳ್ಳುತ್ತಾರೆ. ಕಂಪನಿ ತುಂಬಿದರೆ ತಪ್ಪು, ಸರ್ಕಾರ ತುಂಬಿದರೆ ಸರಿ ಎನ್ನಲು ಬರುವುದಿಲ್ಲ.

ಅಗ್ಗದ ಫೋನು ಎಂದರೆ ಕಸ ತುಂಬಿರಲೇಬೇಕು ಎಂಬ ವಾದವನ್ನು ಸುಳ್ಳು ಮಾಡಿದ ಉದಾಹರಣೆ ಭಾರತದಲ್ಲೇ ಇತ್ತು. 2014ರ ಸೆಪ್ಟೆಂಬರ್ 15ರಂದು ಗೂಗಲ್ ಆಂಡ್ರಾಯ್ಡ್ ಒನ್ ಯೋಜನೆಯನ್ನು ಮೊದಲು ಶುರು ಮಾಡಿದ್ದು ಇಲ್ಲಿ. ಮೈಕ್ರೊಮ್ಯಾಕ್ಸ್, ಕಾರ್ಬನ್, ಸ್ಪೈಸ್ ಕಂಪನಿಗಳ ಮೂರು ಫೋನುಗಳು, ಬೆಲೆ ₹6,399ರಿಂದ, ತಯಾರಕರ ಹೆಚ್ಚುವರಿ ಹೊರೆ ಇಲ್ಲದ ಆಂಡ್ರಾಯ್ಡ್. 2017ರಲ್ಲಿ ಶಿಯೋಮಿಯ ಮಿ ಎ1 ಅದೇ ದಾರಿಯಲ್ಲಿ ಬಂದು ಜನಪ್ರಿಯವಾಯಿತು. ಆಮೇಲೆ ಯೋಜನೆ ಸೊರಗಿತು. ಅಗ್ಗವೂ ಹಗುರವೂ ಆದ ಫೋನು ಮಾಡಲು ಬಾರದ್ದರಿಂದಲ್ಲ. ಅಂಥ ಫೋನಿನಲ್ಲಿ ಮಾರಾಟದ ನಂತರದ ಗಳಿಕೆಗೆ ದಾರಿ ಕಡಿಮೆ.

ಸದ್ಯಕ್ಕೆ ಬಳಕೆದಾರರ ಕೈಯಲ್ಲಿರುವ ಉಪಾಯಗಳು ಇಷ್ಟು. ಸೆಟ್ಟಿಂಗ್‌ಗಳಲ್ಲಿ ಆ್ಯಪ್‌ಗಳ ಪಟ್ಟಿ ತೆರೆದು ಒಂದೊಂದನ್ನೇ ಒತ್ತಿ ನೋಡಬೇಕು. ‘ಅನ್‌ಇನ್‌ಸ್ಟಾಲ್’ ಇದ್ದರೆ ಪೂರ್ತಿ ಹೋಗುತ್ತದೆ. ‘ನಿಷ್ಕ್ರಿಯಗೊಳಿಸಿ’ ಎಂದಿದ್ದರೆ, ಮೊದಲು ಮೂಲೆಯ ಮೂರು ಚುಕ್ಕಿ ಒತ್ತಿ ಅಪ್‌ಡೇಟ್‌ಗಳನ್ನು ತೆಗೆದು, ನಂತರ ನಿಷ್ಕ್ರಿಯಗೊಳಿಸಿದರೆ ಬಳಕೆದಾರರ ಭಾಗದಲ್ಲಿ ಕೂತಿದ್ದ ಎರಡನೆಯ ಪ್ರತಿ ಹೋಗಿ ಸ್ವಲ್ಪ ಜಾಗ ಸಿಗುತ್ತದೆ. ಎರಡೂ ಇಲ್ಲದಿದ್ದರೆ ಅನುಮತಿ, ನೋಟಿಫಿಕೇಶನ್, ಹಿನ್ನೆಲೆಯ ಡೇಟಾ ಬಂದ್ ಮಾಡಬಹುದು. ಕಂಪ್ಯೂಟರಿಗೆ ಜೋಡಿಸಿ ಎಡಿಬಿ ಎಂಬ ಸಾಧನದಿಂದ ಇನ್ನೂ ಕೆಲವನ್ನು ಬಳಕೆದಾರರ ಖಾತೆಯಿಂದ ತೆಗೆಯಲು ಬರುತ್ತದೆ. ಆದರೆ ಯಾವುದು ವ್ಯವಸ್ಥೆಗೆ ಬೇಕಾದದ್ದು ಎಂದು ತಿಳಿಯದೆ ಕೈಹಾಕಿದರೆ ಫೋನು ಚಾಲೂ ಆಗದೆ ನಿಲ್ಲಬಹುದು, ಫ್ಯಾಕ್ಟರಿ ರಿಸೆಟ್ ಮಾಡಿದರೆ ತೆಗೆದದ್ದೆಲ್ಲ ಮರಳಿ ಬರುತ್ತದೆ. ಫೋನನ್ನು ರೂಟ್ ಮಾಡಿಸುವುದು, ಅಂದರೆ ವ್ಯವಸ್ಥೆಯ ಭಾಗವನ್ನೂ ತಿದ್ದುವ ಅಧಿಕಾರ ಪಡೆಯುವುದು, ಇದಕ್ಕಿಂತ ಅಪಾಯ. ವಾರಂಟಿಗೆ ತೊಡಕು, ಬ್ಯಾಂಕಿನ ಮತ್ತು ಯುಪಿಐ ಆ್ಯಪ್‌ಗಳು ಕೆಲಸ ನಿಲ್ಲಿಸುವ ಸಂಭವವೂ ಉಂಟು.

ಕೊಳ್ಳುವ ಮೊದಲು ಅಂಗಡಿಯ ಪ್ರದರ್ಶನದ ಫೋನಿನಲ್ಲಿ ಸ್ಟೋರೇಜ್ ಪುಟ ತೆರೆಸಿ ನೋಡಿದರೆ ವ್ಯವಸ್ಥೆ ಎಷ್ಟು ಜಾಗ ಹಿಡಿದಿದೆ ಎಂಬುದು ಅಲ್ಲೇ ಕಾಣುತ್ತದೆ. ಚಾಲೂ ಮಾಡುವಾಗ ಟಿಕ್ ಹಾಕಿದ ಪಟ್ಟಿ ಬಂದರೆ ತೆಗೆದುಕೊಡಿ ಎಂದು ಅಂಗಡಿಯವರನ್ನೇ ಕೇಳಬಹುದು. ದೊಡ್ಡ ತಂತ್ರಾಂಶ ಅಪ್‌ಡೇಟ್ ಮುಗಿದಾಗಲೂ ಆ್ಯಪ್ ಪಟ್ಟಿಯ ಮೇಲೆ ಮತ್ತೆ ಕಣ್ಣಾಡಿಸಬೇಕು. ನಿಷ್ಕ್ರಿಯಗೊಳಿಸಿದ್ದು ಕೆಲವೊಮ್ಮೆ ಚಾಲೂ ಆಗಿರುತ್ತದೆ, ಹಿಂದೆ ಇಲ್ಲದ ಆ್ಯಪ್ ಬಂದು ಸೇರಿರುತ್ತದೆ.