ರೂಪಾಯಿ ನುಂಗೋ ಡಬ್ಬಿ

ನಮ್ಮ ಚಿಟಗುಪ್ಪಾದಾಗ ಕಿರಾಣಾ ದುಕಾನದ ಮುಂದ ಒಂದ್ ರೂಪಾಯಿ ಹಾಕಿ ಮಾತಾಡೋ ಫೋನ್ ಡಬ್ಬಿ ಇರ್ತಿತ್ತು, ನೆನಪದ ಅಲ್ರೀ ಅಕ್ಕಾ? ಬಸ್ ಸ್ಟ್ಯಾಂಡಿನಾಗ ತೂಕದ ಮಷಿನ್ ಇರ್ತಿತ್ತು. ರೂಪಾಯಿ ಹಾಕಿದ್ರ ಚೀಟಿ ಬೀಳ್ತಿತ್ತು, ಒಂದ್ ಕಡಿ ತೂಕ, ಇನ್ನೊಂದ್ ಕಡಿ ಭವಿಷ್ಯ. ಇವುಗಳ ಜಾತಿದ್ದೇ ವಿಡಿಯೋ ಗೇಮ್ ಡಬ್ಬಿ. ಹುಡುಗರ ಕೈಯಾಗಿನ ಚಿಲ್ಲರ ಭಾಳ ನುಂಗಿದ್ದು ಇದು.

1972ರಾಗ ಅಮೆರಿಕಾದ ಕ್ಯಾಲಿಫೋರ್ನಿಯಾದಾಗ ಅಟಾರಿ ಕಂಪನಿಯವರು ‘ಪಾಂಗ್’ ಅನ್ನೋ ಆಟದ ಮಷಿನ್ ಒಂದ್ ಸೆರೆ ಅಂಗಡ್ಯಾಗ ಇಟ್ರು. ಸ್ವಲ್ಪ ದಿನದಾಗ ಮಷಿನ್ ಕೆಟ್ಟದ ಅಂತ ಫೋನ್ ಬಂತು. ಬಿಚ್ಚಿ ನೋಡಿದ್ರ ಕೆಟ್ಟಿರಲಿಲ್ಲ, ನಾಣ್ಯ ತುಂಬಿ ಜಾಗಾನೇ ಉಳಿದಿರಲಿಲ್ಲ! 1978ರಾಗ ಜಪಾನದ ‘ಸ್ಪೇಸ್ ಇನ್ವೇಡರ್ಸ್’ ಬಂತು, 1980ರಾಗ ‘ಪ್ಯಾಕ್‌ಮನ್’. ಆಮೇಲೆ ಊರೂರಿಗೂ ಹಬ್ಬಿತು.

ವ್ಯಾಪಾರ ಹೆಂಗಂದ್ರ, ಮಷಿನ್ ಒಬ್ಬರದ್ದು, ಜಾಗ ಇನ್ನೊಬ್ಬರದ್ದು. ದುಕಾನದವ ಜಾಗ, ಕರೆಂಟ್ ಕೊಡ್ತಾನ. ಮಷಿನ್ ಮಾಲಕ ಬಂದು ಕೀಲಿ ತೆಗೆದು ನಾಣ್ಯ ಎಣಿಸ್ತಾನ, ಇಬ್ಬರೂ ಪಾಲು ಮಾಡ್ಕೋತಾರ. ಒಬ್ಬನೇ ತಾಸುಗಟ್ಟಲೆ ಆಡ್ಕೋತ ನಿಂತ್ರ ಡಬ್ಬಿ ತುಂಬಂಗಿಲ್ಲ. ಅದಕ್ಕ ಶುರುದಾಗ ಆಟ ಹಗುರ, ಮುಂದ ಮುಂದ ಬಿಗಿ. ಸೋತ ಹುಡುಗ ಮತ್ತೊಂದ್ ರೂಪಾಯಿಗೆ ಮನಿಗೆ ಓಡ್ಬೇಕು.

ಇದ್ರಾಗ ರೊಕ್ಕ ಕಟ್ಟಿ ಆಡೋ ಮಷಿನ್‌ಗಳೂ ಸೇರಿಕೊಂಡ್ವು. ಬೆಂಗಳೂರಾಗ 1989ರಾಗ ಇಂಥ ಆಟದ ಜಾಗಕ್ಕ ಪೊಲೀಸರ ಲೈಸೆನ್ಸ್ ಬೇಕು ಅಂತ ಆದೇಶ ಬಂತು. ಮಾಲಕರು ಕೋರ್ಟಿಗೆ ಹೋದ್ರು. ‘ಎಂ.ಜೆ. ಶಿವಾನಿ ವಿರುದ್ಧ ಕರ್ನಾಟಕ ಸರ್ಕಾರ’ ಅನ್ನೋ ಆ ಕೇಸಿನಾಗ 1995ರಾಗ ಸುಪ್ರೀಂ ಕೋರ್ಟ್ ಸರ್ಕಾರದ ಕಡಿನೇ ತೀರ್ಪು ಕೊಡ್ತು: ಲೈಸೆನ್ಸ್ ಬೇಕೇ ಬೇಕು. ಎಲ್ಲಾ ಆಟನೂ ಜಾಣತನದ್ದಲ್ಲ, ಕೆಲವು ಬರೇ ನಸೀಬಿನವು. ಮಷಿನ್‌ದಾಗ ಕೈಯಾಡಿಸಿದ್ರ ಆಡೋರು ಗೆಲ್ಲಂಗೇ ಇಲ್ಲ.

ಈಗ ಡಬ್ಬಿ ಹೋಗಿ ಮೊಬೈಲ್ ಬಂದದ. ರೊಕ್ಕ ಹಚ್ಚಿ ಆಡೋ ಆನ್‌ಲೈನ್ ಆಟ ಬಂದ್ ಮಾಡ್ಲಿಕ್ಕ 2025ರ ಆಗಸ್ಟ್‌ನಾಗ ಪಾರ್ಲಿಮೆಂಟ್ ಕಾಯ್ದೆ ಮಾಡ್ಯದ. ಛಲೋನೇ ಆಯ್ತು. ಆದ್ರ ಆಗ ಸಾಸಿವಿ ಡಬ್ಬ್ಯಾಗಿನ ಚಿಲ್ಲರ ಕಮ್ಮಿಯಾದ್ರ ಸಂಜಿಕ್ಕೇ ತಾಯಿಗೆ ತಿಳೀತಿತ್ತು. ಕೈಯಾಗಿನ ನಾಣ್ಯ ಮುಗೀತಂದ್ರ ಆಟನೂ ಮುಗೀತು. ಫೋನಿನಾಗಿನ ರೊಕ್ಕ ಹೋಗೋದು ಸಪ್ಪಳಾನೇ ಆಗಂಗಿಲ್ಲ. ಅದಕ್ಕ ಫೋನ್‌ಪೇ ಪಿನ್ ಮಕ್ಕಳ ಮುಂದ ಒತ್ತಬ್ಯಾಡ್ರಿ, ವಾರಕ್ಕೊಮ್ಮೆ ಬ್ಯಾಂಕಿನ ಲೆಕ್ಕ ನೀವೇ ನೋಡ್ರಿ.